ತಾಟಿನಲ್ಲಿದ್ದ ಕೀಲಿ

ಆಗ ನನಗೆ ಅರವತ್ತೆರಡು ವರ್ಷ. ಒಂಬತ್ತು ವರ್ಷದ ಹಿಂದಿನ ಮಾತು. ಅಲ್ಲಿಯವರೆಗೆ ದೆವ್ವ, ಪವಾಡ ಅಂತ ಯಾರಾದರೂ ಬಾಯಿ ತೆರೆದರೆ ನಾನು ಎದ್ದು ಹೋಗುತ್ತಿದ್ದೆ. ಕೂತು ಕೇಳುವ ಪುರುಸೊತ್ತು ನನಗಿರಲಿಲ್ಲ. ಈಗಲೂ ನಂಬುತ್ತೇನೆ ಅಂತ ಹೇಳಲಾರೆ. ಆದರೆ ಕಂಡದ್ದನ್ನು ಕಂಡಿಲ್ಲ ಅನ್ನುವುದು ನನಗೆ ಬರುವುದಿಲ್ಲ. ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು, ಬರೆದದ್ದು ವಾರೆಯಾಗಿದ್ದರೆ ನೆಟ್ಟಗೆ ಮಾಡಿಕೊಂಡು ಓದಿರಿ.

ಸಿಂದಗಿಯ ಒಂದು ಬಂದೂಕಿನ ಅಂಗಡಿಯಲ್ಲಿ ಹದಿನಾಲ್ಕು ವರ್ಷ ಕಸ ಹೊಡೆದೆ. ಸರಕಾರದ ಲೈಸೆನ್ಸ್ ಇದ್ದ ಅಂಗಡಿ. ಇಲೆಕ್ಷನ್ ಬಂತೆಂದರೆ ಬಂದೂಕು ಇಟ್ಟುಕೊಂಡವರೆಲ್ಲ ಅವನ್ನು ಜಮಾ ಮಾಡಬೇಕು, ಮುಗಿದ ಮೇಲೆ ಒಯ್ಯಬೇಕು. ಆ ವರ್ಷ ದಸರೆಯ ಹೊತ್ತಿಗೇ ಇಲೆಕ್ಷನ್ ಬಿದ್ದಿತ್ತು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಬಂದ ಬಂದೂಕುಗಳೂ ಗೋಡೆಗುಂಟ ಸಾಲಾಗಿ, ಒಂದೇ ಸರಪಳಿಗೆ ಪೋಣಿಸಿಕೊಂಡು ನಿಂತಿದ್ದವು.

ಕಳುವಾದ ಬಂದೂಕು ಕಳುವಾದ ಎಮ್ಮೆಯ ಹಾಗಲ್ಲ. ಎಮ್ಮೆ ಹೋದರೆ ಒಂದು ಮನೆಯ ಹಾಲು ಹೋಗುತ್ತದೆ. ಬಂದೂಕು ಹೋದರೆ ಯಾರ ಮನೆಯ ದೀಪ ಆರುತ್ತದೋ ಹೇಳುವವರಿಲ್ಲ. ಅಂಥ ಕಳ್ಳರ ಮುಂಗೈ ಮುರಿಯಬೇಕು ಅಂತ ಅಂಗಡಿಗೆ ಬಂದ ಗಿರಾಕಿಗಳ ಮುಂದೆಲ್ಲ ಹೇಳುತ್ತಿದ್ದೆ. ಅಂಗಡಿಯ ಸಾವಕಾರರು ನಗುತ್ತಿದ್ದರು. “ಗಂಗವ್ವಾ, ನಿನ್ನ ಕೈಯಾಗ ಕೋರ್ಟ್ ಕೊಟ್ರ ಊರಾಗ ಒಬ್ಬರ ಕೈನೂ ಉಳಿಯೂದಿಲ್ಲ ಬಿಡು.”

ಸಾವಕಾರರದೊಂದು ಪದ್ಧತಿ. ಖಂಡೆ ಪೂಜೆ ಅಂದರೆ ಆಯುಧ ಪೂಜೆಯ ದಿನ ಅಂಗಡಿಯ ಕಬ್ಬಿಣವೆಲ್ಲ ಪೂಜೆಗೆ ಕೂರಬೇಕು. ಶಟರಿನ ಹಿತ್ತಾಳೆ ಕೀಲಿ, ಸರಪಳಿಯ ಕೀಲಿ ಎರಡೂ ತಾಟಿಗೆ ಬರುತ್ತಿದ್ದವು. ಬೀಗಕ್ಕೆ ನಮ್ಮ ಕಡೆ ಕೀಲಿ ಅನ್ನುತ್ತೇವೆ. ಪೂಜೆಗೆ ಕೂತದ್ದಕ್ಕೆ ಮರುದಿನ ಬನ್ನಿ ಏರಿಸುವವರೆಗೆ ಕೆಲಸ ಹಚ್ಚಬಾರದು. ಒಂದು ದಿನಕ್ಕೆ ಬೇರೆ ಕೀಲಿ ತಂದು ಜಡಿಯಿರಿ ಅಂತ ನಾನೇ ಹೇಳಿದ್ದೆ. “ಹಳೇದಕ್ಕ ಪೂಜಿ, ಹೊಸಾದಕ್ಕ ದುಡಿತ, ಇದು ಯಾವೂರ ನ್ಯಾಯ?” ಅಂದರು. ರಾತ್ರಿ ತಾವೇ ಅಂಗಡಿಯಲ್ಲಿ ಮಲಗುತ್ತಿದ್ದರು. ಮರುದಿನ ಸಂಜೆ ಬನ್ನಿಗೆ ಹೋಗುವ ಒಂದು ತಾಸು ಮಾತ್ರ ಬರೀ ಶಟರ್ ಎಳೆದು ಎಲ್ಲರೂ ಹೋಗುತ್ತಿದ್ದೆವು.

ಇದನ್ನು ನಾನು ಮನೆಯಲ್ಲಿ ಹೇಳಿದೆ. ತಪ್ಪು ಅಲ್ಲಿಯದು. ನನ್ನ ಮಗಳು ಶಾಂತವ್ವನನ್ನು ತಮ್ಮನ ಮಗ ಮಲ್ಲಪ್ಪನಿಗೇ ಕೊಟ್ಟಿದ್ದೆ. ತಾಯಿ ಸತ್ತ ಮೇಲೆ ಅವನನ್ನು ನಾನೇ ಸಾಕಿ ದೊಡ್ಡವನನ್ನಾಗಿ ಮಾಡಿದ್ದೆ. ಹಬ್ಬಕ್ಕೆ ಇಬ್ಬರೂ ಬಂದಿದ್ದರು. ಊಟಕ್ಕೆ ಕೂತಾಗ ನಗಾಡುತ್ತ, “ನಮ್ಮ ಸಾವಕಾರ್ರು ಕೀಲಿಗೂ ರಜಾ ಕೊಡ್ತಾರಪಾ, ನನಗಽ ಇಲ್ಲ” ಅಂದೆ. ಬನ್ನಿಯ ಹೊತ್ತಿನಲ್ಲಿ ಬರೀ ಶಟರ್ ಎಳೆಯುವುದನ್ನೂ ಹೇಳಿದೆ. ಮಲ್ಲಪ್ಪನೂ ನಕ್ಕ.

ಬನ್ನಿಯ ಸಂಜೆ ನನ್ನ ಮೊಣಕಾಲು ಹಿಡಿದುಕೊಂಡಿತು. ನಾನು ಬರುವುದಿಲ್ಲ, ಇಲ್ಲೇ ದೀಪ ನೋಡಿಕೊಂಡು ಕೂರುತ್ತೇನೆ ಅಂದೆ. ಗಾಳಿಗೆ ದೀಪ ಹೋದೀತೆಂದು ಸಾವಕಾರರು ಹೊರಗಿನಿಂದ ಶಟರ್ ಎಳೆದು ಹೋದರು. ಓಣಿ ಖಾಲಿಯಾಯಿತು. ಫೋನು ಮನೆಯಲ್ಲಿತ್ತು. ನನ್ನ ಮುಂದೆ ತಾಟು. ತಾಟಿನಲ್ಲಿ ಎರಡು ಲಿಂಬೆಹಣ್ಣು, ಎರಡು ಕೀಲಿ. ದೊಡ್ಡ ಕೀಲಿಯ ಮೇಲೆ ಕುಂಕುಮ, ಒಂದು ಚೆಂಡುಹೂವು. ಹಿಂದಿನ ದಿನ ಹುಣಸೆಹಣ್ಣು ಹಚ್ಚಿ ಅದನ್ನು ತಿಕ್ಕಿದವಳು ನಾನೇ.

ಸ್ವಲ್ಪ ಹೊತ್ತಿಗೆ ಒಂದು ಮೋಟರ್‌ಸೈಕಲ್ ಬಂದು ನಿಂತಿತು. ಇಬ್ಬರು ಇಳಿದರು. ಶಟರಿಗೆ ಕೈ ಬಿತ್ತು.

“ಎತ್ತು ಎತ್ತು, ಬರೇ ಎಳದೈತಿ.”

“ಎಲ್ಲಿ ಎತ್ತಲೋ? ಕೀಲಿ ಜಡದಾರಲ್ಲ! ಕೀಲಿ ಇರೂದಿಲ್ಲ ಅಂದಿದ್ದಿ?”

“ಅತ್ತಿ ಬಾಯಿಲೆ ಕೇಳೇನಿ. ಮುದುಕಿ ಬೈತಾಳ, ಸುಳ್ಳ ಹೇಳಂಗಿಲ್ಲ.”

ಮಲ್ಲಪ್ಪನ ದನಿ. ಶಟರ್ ಎದ್ದರೆ ಅವನಿಗೆ ಮೊದಲು ಕಾಣುವುದು ನನ್ನ ಮುಖ, ಆಮೇಲೆ ಕೀಲಿ ಇಲ್ಲದ ಸರಪಳಿ. ಅವನು ಹಿಂದಕ್ಕೆ ಹೋಗಬಹುದು. ಜೊತೆಗಿದ್ದವನು ಹೋಗುತ್ತಾನೆಯೇ? ಅಷ್ಟು ಬಂದೂಕುಗಳನ್ನೂ ನನ್ನನ್ನೂ ಬಿಟ್ಟು?

ಹೊರಗೆ ಕೀಲಿ ಶಟರಿಗೆ ಬಡಿಯುವ ಸದ್ದು ಕೇಳುತ್ತಿತ್ತು. ಹದಿನಾಲ್ಕು ವರ್ಷ ದಿನಾ ಮುಂಜಾನೆ ಕೇಳಿದ ಸದ್ದು, ಅದೇ ಕೀಲಿಯದು. ನಾನು ತಾಟು ನೋಡಿದೆ. ಕೀಲಿ ತಾಟಿನಲ್ಲೇ ಇತ್ತು.

ಆಮೇಲೆ ಕಬ್ಬಿಣದ ರಾಡಿನ ಏಟು ಬಿತ್ತು. ಒಂದು. ಎರಡು. ಎರಡಕ್ಕೂ ಶಟರ್ ಗಲಗಲ ಅಂದಿತು. ಮೂರನೆಯ ಏಟಿಗೆ ಕೀಲಿಯ ಮೇಲಿನ ಚೆಂಡುಹೂವು ಜಾರಿ ಕೆಳಗೆ ಬಿತ್ತು. ಪಕ್ಕದಲ್ಲಿದ್ದ ಲಿಂಬೆಹಣ್ಣು ಅಲುಗಾಡಲಿಲ್ಲ. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತೆ. ದೇವರನ್ನು ನೆನೆದೆನೆಂದು ಹೇಳಿದರೆ ಸುಳ್ಳಾಗುತ್ತದೆ. ದೀಪ ಊದಿಬಿಡಲೋ ಬೇಡವೋ ಅನ್ನುವುದೊಂದೇ ತಲೆಯಲ್ಲಿತ್ತು.

ಅಷ್ಟರಲ್ಲಿ ದೂರದಲ್ಲಿ ಹಲಗೆ ಬಾರಿಸುವ ಸಪ್ಪಳ ಕೇಳಿತು. ಮಂದಿ ಬನ್ನಿ ತೆಗೆದುಕೊಂಡು ತಿರುಗಿದ್ದರು. ಗಾಡಿ ಓಡಿತು. ಸಾವಕಾರರು ಬಂದು ಒಂದೇ ಕೈಯಿಂದ ಶಟರ್ ಎತ್ತಿದರು.

“ಹೊರಗ ಕೀಲಿ ಇತ್ತೇನ್ರಿ?” ಅಂದೆ.

“ತಲಿ ಕೆಟ್ಟೈತೇನು? ಕೀಲಿ ನಿನ್ನ ಮುಂದನ ಐತಲ್ಲ.”

ಯಾರೋ ಇಬ್ಬರು ಬಂದು ಬಡಿದು ಹೋದರೆಂದು ಹೇಳಿದೆ. ಹೆಸರು ಹೇಳಲಿಲ್ಲ. ಅವರು ಬ್ಯಾಟರಿ ಹಿಡಿದು ಶಟರ್ ನೋಡಿದರು. ಒಂದು ಗೀರೂ ಇರಲಿಲ್ಲ. ಒಳಗೆ ಬಂದು ಬನ್ನಿ ಏರಿಸಿ ಕೀಲಿ ಎತ್ತಿದರು. ಕುಂಕುಮದ ಕೆಳಗೆ ಮೂರು ಏಟಿನ ತಗ್ಗು. ಹಿತ್ತಾಳೆ ಹೊಸದಾಗಿ ಹೊಳೆಯುತ್ತಿತ್ತು. ಕುಂಕುಮ ಮಾತ್ರ ನಾನು ಇಟ್ಟ ಹಾಗೇ ಇತ್ತು. ಸಾವಕಾರರು ಕೀಲಿಯನ್ನು ದೀಪಕ್ಕೆ ಹಿಡಿದು ತಿರುಗಿಸಿ ನೋಡಿದರು. ಆಮೇಲೆ ಅಂದರು, “ಪೊಲೀಸರಿಗೆ ಹೇಳಿದ್ರ ಕೀಲಿ ಹಾಕಿರಲಿಲ್ಲಂತ ನನ್ನ ಲೈಸೆನ್ಸ್ ಹೋಗತೈತಿ. ಏನೂ ಹೋಗಿಲ್ಲಲ್ಲ, ಬಿಡು.”

ಮನೆಗೆ ಬಂದರೆ ಮಲ್ಲಪ್ಪ ಬನ್ನಿ ಹಿಡಿದು ನನ್ನ ದಾರಿ ಕಾಯುತ್ತಿದ್ದ. “ಬನ್ನಿ ತಗೊಂಡು ಬಂಗಾರದಂಗ ಇರೂಣ ಅತ್ತಿ” ಅಂತ ಕಾಲಿಗೆ ಬಿದ್ದ. ಅವನ ಬಲಗೈಯಲ್ಲಿ ರಾಡು ಹಿಡಿದಲ್ಲಿ ಬೊಕ್ಕೆ ಎದ್ದಿತ್ತು. ಬನ್ನಿ ಕೊಟ್ಟವರ ತಪ್ಪನ್ನು ಅವತ್ತು ಮರೆಯಬೇಕು, ಅದು ನಮ್ಮಲ್ಲಿ ರೂಢಿ. ನಾನು ತೆಗೆದುಕೊಂಡೆ.

“ನೀ ಬನ್ನಿಗಿ ಬರಲಿಲ್ಲಲ್ಲ?” ಅಂದ.

“ಮೊಣಕಾಲು ಬ್ಯಾನಿ. ಅಂಗಡ್ಯಾಗ ಇದ್ದೆ.”

“ಒಳಗ?”

“ಒಳಗ.”

ಅವನ ಮುಖ ಬೂದಿಯಾಯಿತು. “ಒಳಗ ನೀ ಇದ್ರ ಹೊರಗ ಕೀಲಿ ಯಾರು ಹಾಕಿದ್ರು, ಅತ್ತಿ?”

ತಾನು ಏನು ಅಂದೆನೆಂದು ಅವನಿಗೆ ಆಮೇಲೆ ಹೊಳೆಯಿತು. ಶಾಂತವ್ವ ಹೋಳಿಗೆ ತಟ್ಟೆ ಹಿಡಿದು ಇಬ್ಬರ ಮುಖವನ್ನೂ ನೋಡಿದಳು. ನಾನು ಬನ್ನಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ.

ಮುಂದೆ ಇದು ಕೋರ್ಟಿನವರೆಗೆ ಹೋಯಿತು. ಸಾವಕಾರರು ಲೈಸೆನ್ಸ್ ಉಳಿಸಿಕೊಳ್ಳಲು ಸುಳ್ಳು ಹೇಳಿ ಕೀಲಿ ಹಾಕಿತ್ತು ಅಂದರು. ಕಳ್ಳರಿಬ್ಬರೂ ಖರೆ ಹೇಳಿ ಕೀಲಿ ಹಾಕಿತ್ತು ಅಂದರು. ಕೀಲಿ ಎಲ್ಲಿತ್ತು ಅಂತ ನನ್ನನ್ನು ಯಾರೂ ಕೇಳಲಿಲ್ಲ. ಮಲ್ಲಪ್ಪ ಜೈಲಿನಲ್ಲಿದ್ದು ಬಂದ. ಮಗಳು ನಾಲ್ಕು ವರ್ಷ ನನ್ನ ಕೂಡ ಮಾತು ಬಿಟ್ಟಿದ್ದಳು. ಈಗ ಬರುತ್ತಾಳೆ, ಚಹಾ ಕುಡಿಯುತ್ತಾಳೆ, ಆ ಮಾತು ತೆಗೆಯುವುದಿಲ್ಲ.

ಕೈ ಮುರಿಯಬೇಕು ಅಂತ ಈಗ ನಾನು ಅನ್ನುವುದಿಲ್ಲ. ಆ ಕೈಗೆ ತುತ್ತು ಕಲಿಸಿದವಳು ನಾನು. ಆದರೆ ಬಂದೂಕಿಗೆ ಕೈ ಹಾಕಿದವನು ಜೈಲು ಕಾಣಲೇಬೇಕು, ಅಳಿಯನೇ ಆಗಲಿ. ಮನೆಯವರು ಮುಚ್ಚಿಟ್ಟರೆ ಅವನು ಮುಂದಿನ ಸಲ ಇನ್ನೊಂದು ಅಂಗಡಿಗೆ ಹೋಗುತ್ತಾನೆ. ಅಂಗಡಿಯ ಮಾತನ್ನು ಊಟದ ಹೊತ್ತಿಗೆ ಆಡಿದವಳಿಗೂ ಶಿಕ್ಷೆ ಇರಬೇಕು. ನನಗೆ ಅದು ನಾಲ್ಕು ವರ್ಷ ಆಯಿತು. ಇನ್ನು ಅಂಗಡಿಯವರಿಗೆ ಹೇಳುವುದು ಇಷ್ಟೇ. ಬಂದೂಕಿಗೆ ಬೇಕಾದರೆ ಪೂಜೆ ಮಾಡಿರಿ, ಕೀಲಿಗೆ ಕೆಲಸ ಕೊಡಿರಿ. ನಮ್ಮ ಕೀಲಿ ಅವತ್ತು ಎರಡೂ ಕಡೆ ಹೇಗಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ. ಪ್ರತಿ ಸಲ ಹಾಗೆ ಇರುತ್ತದೆಂದು ನಂಬಿ ಕೂರಬೇಡಿರಿ.

ಮಲ್ಲಪ್ಪ ಬನ್ನಿ ಕೊಟ್ಟ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮುಂಜಾನೆ ಎಂದಿನಂತೆ ಅಂಗಡಿಗೆ ಹೋದೆ. ಸಾವಕಾರರು ಕೀಲಿ ತೆಗೆದು ಕೊಂಡಿಗೆ ಸಿಗಿಸಿ ಒಳಗೆ ಹೋದರು. ನಾನು ಕಸಬರಿಗೆ ಹಿಡಿಯಲಿಲ್ಲ. ಕೀಲಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, ಕುಂಟುತ್ತ ಠಾಣೆಗೆ ನಡೆದೆ. ಬರೆದುಕೊಳ್ಳುವ ಪೊಲೀಸನಿಗೆ ಮಲ್ಲಪ್ಪನ ಹೆಸರು ಹೇಳಿದೆ. ಅವನ ಅಪ್ಪನ ಹೆಸರು ಕೇಳಿದಾಗ ನನ್ನ ತಮ್ಮನ ಹೆಸರು ಹೇಳಿದೆ.

“ಸಾಕ್ಷಿ ಏನೈತಿ, ಆಯಿ?” ಅಂದ.

ಗಂಟು ಬಿಚ್ಚಿ ಕೀಲಿಯನ್ನು ಮೇಜಿನ ಮೇಲೆ ಇಟ್ಟೆ. ಗಂಟಿನಲ್ಲಿ ಮಲ್ಲಪ್ಪ ಕೊಟ್ಟ ಬನ್ನಿ ಎಲೆಯೂ ಇತ್ತು. ಅದನ್ನು ಮತ್ತೆ ಕಟ್ಟಿಕೊಂಡೆ.