ಕೇಳದೆ ಬಿಟ್ಟ ಒಂದು ಮನೆ

ಲಕ್ಷ್ಮಿದೇವಮ್ಮ ಯಾರನ್ನೂ ಏನೂ ಕೇಳಿದವರಲ್ಲ. ಕಿರಂಗೂರಿನ ನಮ್ಮ ಪುಟ್ಟ ಸಭೆಗೆ ನಾನು ಪಾಸ್ಟರಾಗಿ ಹನ್ನೊಂದು ವರ್ಷವಾಯಿತು, ನನಗೋಸ್ಕರ ಒಂದು ಪ್ರಾರ್ಥನೆ ಮಾಡಿ ಎಂದು ಕೂಡ ಅವರು ನನ್ನನ್ನು ಕೇಳಿದ್ದಿಲ್ಲ. ಅಂಥವರ ಹೆಸರಿನಲ್ಲಿ ನಾನು ಒಂದು ಬೇಡಿಕೆ ಹುಟ್ಟಿಸಿದೆ. ಅದನ್ನು ಹೇಳಿಕೊಳ್ಳದೆ ಅವರ ಬಗ್ಗೆ ಒಂದು ಸಾಲು ಬರೆಯುವ ಯೋಗ್ಯತೆಯೂ ನನಗಿಲ್ಲ.

ಅವರದು ನಾಗಮಂಗಲದಾಚೆಯ ಬಿಂಡಿಗನವಿಲೆ. ಅರವತ್ತೆಂಟು ವರ್ಷ, ಒಂಟಿ ಜೀವ, ಹದಿನಾಲ್ಕು ಕುರಿ. ಭಾನುವಾರ ಕುರಿಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಮೊದಲ ಬಸ್ಸಿಗೆ ನಾಗಮಂಗಲಕ್ಕೆ ಬರುತ್ತಿದ್ದರು. ಅಲ್ಲಿಂದ ಇನ್ನೊಂದು ಬಸ್ಸಿಗೆ ಪಾಂಡವಪುರ, ಅಲ್ಲಿಂದ ಮೂರನೆಯದಕ್ಕೆ ಕಿರಂಗೂರು. ಸಭೆಯ ಬಾಗಿಲು ತೆಗೆಯಲು ನಾನು ಬೀಗದಕೈ ಹುಡುಕುವಷ್ಟರಲ್ಲಿ ಅವರು ಜಗಲಿಯ ಮೇಲೆ ಕೂತು ಕಾಲು ಒತ್ತಿಕೊಳ್ಳುತ್ತಿರುತ್ತಿದ್ದರು. ತಡವಾಗಿ ಬರುತ್ತಿದ್ದವನು, ಸಭೆಯ ಪಕ್ಕದಲ್ಲೇ ಮನೆ ಇರುವ ನಾನು.

ಅವರು ಬರುತ್ತಿದ್ದುದು ನನ್ನ ಪ್ರಸಂಗ ಕೇಳಲು ಎಂದು ಬಹಳ ದಿನ ನಂಬಿದ್ದೆ. ನನ್ನ ಜಂಬ ನೋಡಿ. ನಮ್ಮ ಸಭೆಗೇ ಬರುವ ಶ್ರೀರಂಗಪಟ್ಟಣದ ಯಶೋದಮ್ಮ ನಿವೃತ್ತ ಮೇಷ್ಟ್ರಮ್ಮ. ಲಕ್ಷ್ಮಿದೇವಮ್ಮನಿಗೆ ಐವತ್ತು ದಾಟಿದ ಮೇಲೆ, ಇದೇ ಜಗಲಿಯಲ್ಲಿ ಕೂರಿಸಿಕೊಂಡು ಅಕ್ಷರ ಕಲಿಸಿದವರು ಅವರು. ಈಗ ಯಶೋದಮ್ಮನ ಎರಡೂ ಕಣ್ಣು ಹೋಗಿವೆ. ಆರಾಧನೆ ಮುಗಿದ ಮೇಲೆ ಶಿಷ್ಯೆ ಬೈಬಲ್ಲು ಬಿಚ್ಚಿ ಗುರುವಿಗೆ ಒಂದು ಅಧ್ಯಾಯ ಓದಿ ಹೇಳುತ್ತಿದ್ದರು. ಒತ್ತಕ್ಷರ ಬಂದ ಕಡೆ ಎಡವುತ್ತಿದ್ದರು. "ಒತ್ತು ನುಂಗಬೇಡ ಲಕ್ಷ್ಮಿ, ಇನ್ನೊಂದ್ಸಲ ಓದು" ಎಂದು ಯಶೋದಮ್ಮ ಗದರುತ್ತಿದ್ದರು. ಆಮೇಲೆ ಇಬ್ಬರೂ ಹುರಿದ ಕಡಲೆಕಾಯಿ ತಿನ್ನುತ್ತಾ ಬಸ್ಸಿನ ಹೊತ್ತಿನವರೆಗೆ ಮಾತಾಡುತ್ತಿದ್ದರು. ವಾರವಾರವೂ ಇದು ನನ್ನ ಕಣ್ಣೆದುರಿಗೇ ನಡೆಯುತ್ತಿತ್ತು.

ಎರಡು ವರ್ಷದ ಹಿಂದೆ ನನಗೊಂದು ಹೊಸ ಯೋಚನೆ ಬಂತು. ನಾಗಮಂಗಲದ ಕಡೆಯ ನಮ್ಮವರು ದೂರದ ದೆಸೆಯಿಂದ ಒಬ್ಬೊಬ್ಬರಾಗಿ ಬರುವುದು ಬಿಡುತ್ತಿದ್ದರು. ಹೊಣಕೆರೆಯಲ್ಲಿ ಒಂದು ಕೋಣೆ ಹಿಡಿದು, ಆ ಕಡೆಯವರಿಗೆ ಭಾನುವಾರ ಮಧ್ಯಾಹ್ನ ಅಲ್ಲೇ ಪ್ರಾರ್ಥನೆ ನಡೆಸಬೇಕು ಎನ್ನಿಸಿತು. ಈಗಲೂ ಅದು ತಪ್ಪು ಯೋಚನೆಯಲ್ಲ ಎಂದೇ ಹೇಳುತ್ತೇನೆ. ಆದರೆ ಪ್ರಸಂಗದಲ್ಲಿ ಅದನ್ನು ಎತ್ತಿದಾಗ ಯಾರಿಗೂ ಹಿಡಿಸಲಿಲ್ಲ. ಸಭೆಯ ಹಿರಿಯರಾದ ರಂಗಸ್ವಾಮಿ ಹೊರಗೆ ಬಂದು ಹೇಳಿದರು: "ನಲವತ್ತು ಮನೆಯೋರು ಕೂತ್ರೆ ಅದು ಹಾಡು, ಅಯ್ನೋರೆ. ಅರ್ಧ ಜನ ಅತ್ಲಾಗೋದ್ರೆ ಇಲ್ಲೂ ಗೊಣಗಾಟ, ಅಲ್ಲೂ ಗೊಣಗಾಟ."

ಸರಿ, ಜನರನ್ನು ಒಪ್ಪಿಸಿಯೇ ಮಾಡೋಣ ಎಂದು ಹಟ ಹಿಡಿದೆ. ಒಂದು ನೋಟ್‌ಬುಕ್ಕಿನಲ್ಲಿ ನಲವತ್ತೊಂದು ಮನೆಯ ಹೆಸರು ಬರೆದುಕೊಂಡು ಮೂರು ತಿಂಗಳು ಮನೆಮನೆ ತಿರುಗಿದೆ. ಕೊಟ್ಟ ಕಾಫಿ ಕುಡಿದೆ. ಅವರ ಅಂಜಿಕೆಗಳನ್ನೆಲ್ಲ ಕೇಳಿಸಿಕೊಂಡೆ, ಎದುರು ವಾದ ಮಾಡಲಿಲ್ಲ. ಕೇಳಿಸಿಕೊಂಡ ಒಂದೊಂದು ಮನೆಗೂ ಒಂದು ಗುರುತು ಹಾಕಿದೆ. ನಲವತ್ತು ಗುರುತು ಬಿತ್ತು. ಬಿಂಡಿಗನವಿಲೆಯ ಲಕ್ಷ್ಮಿದೇವಮ್ಮನ ಮನೆಗೆ ಮಾತ್ರ ಹೋಗಲಿಲ್ಲ. ಅವರಿಗೋಸ್ಕರವೇ ಮಾಡುತ್ತಿರುವುದು, ಅವರನ್ನೇನು ಕೇಳುವುದು ಎಂದುಕೊಂಡೆ.

ತೀರ್ಮಾನದ ಭಾನುವಾರ ಲಕ್ಷ್ಮಿದೇವಮ್ಮ ಬಂದಿರಲಿಲ್ಲ. ಕುರಿ ಈಯುವುದಿತ್ತಂತೆ. ಅರ್ಧ ಜನ ಹೂಂ ಎನ್ನುವ ಹಾಗಿದ್ದರು, ಅರ್ಧ ಜನ ರಂಗಸ್ವಾಮಿಯ ಮುಖ ನೋಡುತ್ತಿದ್ದರು. ಅವರು ಎದ್ದು ನಿಂತು, "ಆ ಕಡೆಯೋರು ಯಾರಾರ ಬಾಯ್ಬುಟ್ಟು ಕೇಳವ್ರಾ?" ಎಂದರು.

"ಲಕ್ಷ್ಮಿದೇವಮ್ಮನವರೇ ಕೇಳಿದ್ರು" ಎಂದುಬಿಟ್ಟೆ. "ಮಂಡಿ ನೋವು, ಮೂರು ಬಸ್ಸು ಹತ್ತೋಕಾಗಲ್ಲ ಅಂತ ಕಣ್ಣೀರಿಟ್ರು."

ಕಣ್ಣೀರು ನಾನೇ ಮೇಲೆ ಸುರಿದದ್ದು. "ಆ ತಾಯಿ ಕೇಳ್ಬುಟ್ಟವ್ರೆ ಅಂದ್ಮೇಲೆ ಇನ್ನೇನೈತೆ, ಆಗ್ಲಿ ಬುಡಿ" ಎಂದು ರಂಗಸ್ವಾಮಿ ಕೂತರು. ಕೈಗಳೆಲ್ಲ ಮೇಲೆದ್ದವು. ಯಶೋದಮ್ಮ ಎತ್ತಲಿಲ್ಲ. ಕಣ್ಣು ಕಾಣದವರು, ಬೇರೆಯವರು ಎತ್ತಿದ್ದು ಗೊತ್ತಾಗಿರಲಿಕ್ಕಿಲ್ಲ ಎಂದು ಸಮಾಧಾನ ಹೇಳಿಕೊಂಡೆ.

ಮುಂದಿನ ವಾರ ಲಕ್ಷ್ಮಿದೇವಮ್ಮ ಬಂದಾಗ ಹೆಂಗಸರೆಲ್ಲ ಸುತ್ತಿಕೊಂಡು, ಇನ್ನು ನೀವು ಇಷ್ಟು ದೂರ ಬಂದು ಕಷ್ಟಪಡಬೇಕಾಗಿಲ್ಲ, ನೀವು ಕೇಳಿದ್ದು ಆಯಿತಲ್ಲ ಎಂದರು. ಅವರು ತಿರುಗಿ ನನ್ನನ್ನು ನೋಡಿದರು. ನಾನು ಮೈಕಿನ ವೈರು ಸರಿಮಾಡುವವನ ಹಾಗೆ ಬಗ್ಗಿದೆ. ಅವರು ಹೆಂಗಸರ ಕಡೆ ತಿರುಗಿ, "ಊಂ ಕಣವ್ವ, ಕಾಲು ನೋಯ್ತದೆ" ಎಂದರು. ನನ್ನ ಸುಳ್ಳನ್ನು ಅವರು ತಮ್ಮ ತಲೆ ಮೇಲೆ ಹೊತ್ತುಕೊಂಡರು.

ಅವತ್ತು ಜಗಲಿಯಲ್ಲಿ ಓದು ನಡೆಯಲಿಲ್ಲ. "ನಂಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ ಲಕ್ಷ್ಮಿ ನಿಂಗೆ?" ಎಂದು ಯಶೋದಮ್ಮ ಕೇಳಿದ್ದು ಕಿವಿಗೆ ಬಿತ್ತು. ಲಕ್ಷ್ಮಿದೇವಮ್ಮ ಬೈಬಲ್ಲನ್ನು ಚೀಲಕ್ಕೆ ಹಾಕಿಕೊಂಡರು. ಉತ್ತರ ಕೊಡಬೇಕಾಗಿದ್ದ ನಾನು ಮೂರು ಮಾರು ದೂರದಲ್ಲಿ ಚಾಪೆ ಸುತ್ತುತ್ತಿದ್ದೆ. ಯಶೋದಮ್ಮ ಆಟೋ ಕರೆಸಿಕೊಂಡು ಹೊರಟುಹೋದರು.

ಹೊಣಕೆರೆಯ ಕೋಣೆ ಚೆನ್ನಾಗಿಯೇ ನಡೆಯಿತು. ಆರು ಜನ ಹದಿನಾಲ್ಕಾದರು. ಬೇರೆ ಸಭೆಗಳ ಪಾಸ್ಟರುಗಳು ನನ್ನನ್ನು ಕರೆಸಿ, ನಿಮ್ಮ ಜನರನ್ನು ಹೇಗೆ ಜೊತೆಗೆ ಕರೆದೊಯ್ದಿರಿ ಎಂದು ಕೇಳತೊಡಗಿದರು. ಮನೆಮನೆಗೆ ಹೋಗಿ, ಮೊದಲು ಕೇಳಿಸಿಕೊಳ್ಳಿ ಎಂದು ನಾನು ಭಾಷಣ ಬಿಗಿದೆ. ಚಪ್ಪಾಳೆ ಬಿದ್ದಾಗಲೆಲ್ಲ ನೋಟ್‌ಬುಕ್ಕಿನಲ್ಲಿ ಗುರುತು ಬೀಳದ ಆ ಒಂದು ಹೆಸರು ನೆನಪಾಗುತ್ತಿತ್ತು. ಆದರೂ ಇನ್ನೊಂದು ಕಡೆ ಕರೆದರೆ ಹೋಗುತ್ತಿದ್ದೆ.

ಹೀಗೇ ಒಂದೂವರೆ ವರ್ಷ. ಹೋದ ತಿಂಗಳು ಹೊಣಕೆರೆಯಲ್ಲಿ ಪ್ರಾರ್ಥನೆ ಮುಗಿದು ಬೇರೆಯವರೆಲ್ಲ ಹೋದ ಮೇಲೆ, ಚಾಪೆ ಮಡಚುತ್ತಿದ್ದ ಲಕ್ಷ್ಮಿದೇವಮ್ಮನಿಗೆ, "ಅಮ್ಮ, ನಾನು ನಿಮ್ಮ ಹೆಸರಲ್ಲಿ ಸುಳ್ಳು ಹೇಳಿದೆ" ಎಂದೆ.

"ಗೊತ್ತು" ಎಂದರು ಲಕ್ಷ್ಮಿದೇವಮ್ಮ.

"ಅವತ್ತೇ ಯಾಕೆ ಹೇಳಲಿಲ್ಲ?"

"ಅಷ್ಟು ಜನದ ಮುಂದೆ ನಿಮ್ಮನ್ನ ಸುಳ್ಳ ಅನ್ನಕ್ಕಾಯ್ತದಾ? ಆಮೇಲೆ ನೀವು ಯಾವ ಮೊಕ ಒತ್ಕಂಡು ಪ್ರಸಂಗ ಮಾಡ್ತಿದ್ರಿ?" ಚಾಪೆ ಮಡಚಿಟ್ಟು ಕೂತರು. "ಒಂದೇ ಒಂದು ಮಾತು ಕೇಳಿದ್ರೆ ನಾನು ಊಂ ಅಂತಿದ್ದೆ ಅಯ್ನೋರೆ. ಯಶೋದಮ್ಮೋರ ತಾವ ಓಗಿ ಹೇಳಿ, ಇಬ್ರೂ ಅತ್ತು, ಆಮೇಲೆ ಊಂ ಅಂತಿದ್ದೆ. ಈಗ ಅವ್ರು ನಂಜೊತೆ ಮಾತೇ ಬುಟ್ಟವ್ರೆ."

ಏನಾದರೂ ಸರಿಮಾಡಬೇಕು ಎಂಬ ಆತುರದಲ್ಲಿ, "ಇನ್ಮೇಲೆ ತಿಂಗಳಿಗೊಂದು ಭಾನುವಾರ ಯಶೋದಮ್ಮನವರನ್ನ ನನ್ನ ಕಾರಲ್ಲಿ ಇಲ್ಲಿಗೆ ಕರ್ಕೊಂಡು ಬರ್ತೀನಿ" ಎಂದೆ.

"ಅವ್ರನ್ನ ಕೇಳಿದ್ರಾ?" ಎಂದರು.

ಕೇಳಿರಲಿಲ್ಲ.

ಅಲ್ಲಿಂದ ನೆಟ್ಟಗೆ ಶ್ರೀರಂಗಪಟ್ಟಣಕ್ಕೆ ಹೋಗಿ ಯಶೋದಮ್ಮನಿಗೆ ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ. ಸೆರಗಿನಿಂದ ಮುಖ ಮುಚ್ಚಿಕೊಂಡು, "ಒಂದೂವರೆ ವರ್ಷ ಅವಳನ್ನ ಬಯ್ಕೊಂಡು ಮಲಗಿದೀನಲ್ಲ" ಎಂದು ಅತ್ತರು. ಆಮೇಲೆ ಕೇಳಿದೆ, ಹೊಣಕೆರೆಗೆ ಬರುತ್ತೀರಾ ಎಂದು.

"ಬರ್ತೀನಿ. ನಿಮ್ಮ ಕಾರು ಬೇಡ. ಅವಳು ಬರ್ತಿದ್ದ ಬಸ್ಸಲ್ಲೇ ಹೋಗ್ತೀನಿ. ನೀವು ಕೈ ಹಿಡ್ಕೊಳ್ಳಿ. ಅದಕ್ಕೂ ಮುಂಚೆ ನಂಗೆ ಹೇಳಿದ್ದನ್ನ ಸಭೆಗೂ ಹೇಳಿ."

ಮುಂದಿನ ಭಾನುವಾರ ಬೆಳಿಗ್ಗೆ ಸಭೆಯ ಮುಂದೆ ಹೇಳಿದೆ. ರಂಗಸ್ವಾಮಿ ಚಾಪೆಯಿಂದ ಕಣ್ಣು ಮೇಲೆತ್ತಲಿಲ್ಲ. ಹಾಡು ಅವತ್ತು ನಿಜಕ್ಕೂ ಗೊಣಗಾಟವಾಗಿತ್ತು. ಆರಾಧನೆ ಮುಗಿದ ಕೂಡಲೇ ಯಶೋದಮ್ಮನ ಕೈ ಹಿಡಿದು ಬಸ್ಸು ಹತ್ತಿಸಿದೆ. ಪಾಂಡವಪುರದಲ್ಲಿ ಇಳಿದು, ಬಿಸಿಲಲ್ಲಿ ಮುಕ್ಕಾಲು ಗಂಟೆ ನಿಂತೆವು.

"ಇನ್ನೂ ಎಷ್ಟು ಬಸ್ಸು?" ಎಂದರು.

"ಇನ್ನೆರಡು ಅಮ್ಮ, ನಾಗಮಂಗಲಕ್ಕೊಂದು, ಅಲ್ಲಿಂದ ಹೊಣಕೆರೆಗೊಂದು. ಬಿಂಡಿಗನವಿಲೆ ಅದಕ್ಕೂ ಆಚೆ."

ಅವರು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು.

"ಅಷ್ಟು ದೂರದಿಂದ ಬರ್ತಿದ್ಲಾ ಅವಳು, ನಂಗೊಂದು ಅಧ್ಯಾಯ ಓದೋಕೆ?"

ಹೂಂ ಎಂದೆ.