ಮೊರದ ನೆರಳು

ಇವತ್ತು ಬೆಳಿಗ್ಗೆ ಸುರಪುರದ ನಮ್ಮ ಓಣಿಗೆ ಕೋಳಿಮರಿ ಮಾರುವ ಮೂರು ಗಾಲಿಯ ಟಂಟಂ ಬಂದಿತ್ತು. "ಜವಾರಿ ಮರಿ, ಖರೇ ಖರೇ ಜವಾರಿ, ಬರ್ರಿ ಅಕ್ಕಾರ" ಎಂದು ಮೈಕು ಒಂದೇ ಸಮನೆ ಕೂಗುತ್ತಿತ್ತು. ಜವಾರಿ ಅಂದರೆ ನಮ್ಮ ಕಡೆ ಈ ನೆಲದ್ದು, ಊರ ತಳಿ. ಆದರೆ ಆ ಜಾಳಿಗೆಯಲ್ಲಿದ್ದ ಮರಿಗಳು ಒಂದೇ ಅಚ್ಚಿನಲ್ಲಿ ತೆಗೆದ ಇಟ್ಟಿಗೆಗಳ ಹಾಗೆ ಒಂದೇ ಬಣ್ಣ, ಒಂದೇ ಗಾತ್ರ. ಮಾರುವವನು ಒಂದನ್ನು ನನ್ನ ಅಂಗೈಯಲ್ಲಿಟ್ಟು ಬೆಲೆ ಹೇಳಿದ. ಹತ್ತಿ ಬಿಡಿಸುವ ಹೆಣ್ಣಾಳಿನ ಅರ್ಧ ದಿನದ ಕೂಲಿ, ಒಂದು ಹಿಡಿ ಮರಿಗೆ! ನಾನು ಇನ್ನೊಂದು ಕೈಯನ್ನು ಬಿಸಿಲಿಗೆ ಅಡ್ಡ ಹಿಡಿದು ಅದರ ಮೇಲೆ ನಿಧಾನವಾಗಿ ಆಡಿಸಿದೆ. ಮರಿ ತಲೆಯೆತ್ತಿ ಸಹ ನೋಡಲಿಲ್ಲ. ನನ್ನ ಉಂಗುರ ಕುಕ್ಕುತ್ತ ನಿಂತಿತು.

"ನೋಡ್ರಿ, ಎಷ್ಟು ಧೈರ್ಯದ ಮರಿ ಅದ! ಬಿಲ್ಕುಲ್ ಅಂಜಂಗಿಲ್ಲ" ಎಂದ.

"ಅದಕ್ಕ ಬ್ಯಾಡಪ್ಪ" ಎಂದು ವಾಪಸು ಕೊಟ್ಟೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಈ ಹೆಂಗಸಿಗೆ ತಲೆ ಸರಿ ಇಲ್ಲ ಅಂದುಕೊಂಡಿರಬೇಕು. ಅನ್ನಲಿ. ನನ್ನ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು.

ಯಾಕೆಂದು ಹೇಳಿಬಿಡುತ್ತೇನೆ, ನಿಮ್ಮಿಂದ ಮುಚ್ಚಿಡುವಂಥದ್ದೇನಲ್ಲ. ನಮ್ಮ ಹಿತ್ತಲಲ್ಲಿ ಬುಟ್ಟಿಯ ಕೆಳಗೆ ಒಂದು ಬೂದುಬಣ್ಣದ ಹೇಂಟೆ ಮೊನ್ನೆ ಮೊಟ್ಟೆಯೊಡೆದು ಬಂದ ಮರಿಗಳನ್ನು ಹೊದ್ದುಕೊಂಡು ಕೂತಿದೆ. ನಮ್ಮತ್ತೆ ಜೀವಮಾನವಿಡೀ ಕಾಯ್ದುಕೊಂಡು ಬಂದ ಕೋಳಿಗಳ ಕುಲದಲ್ಲಿ ಈಗ ಉಳಿದಿರುವ ಹೇಂಟೆ ಅದೊಂದೇ. ವಯಸ್ಸಾಗಿದೆ, ಇನ್ನೊಂದು ಸಲ ಕಾವಿಗೆ ಕೂರುತ್ತದೋ ಇಲ್ಲವೋ. ಹೀಗಿರುವಾಗ, ಅದೇ ಕುಲದ ಹುಂಜವನ್ನು ಜೊತೆಗೆ ಬಿಟ್ಟಿದ್ದರೂ, ಅದು ಮೊಟ್ಟೆಯಿಡುವ ದಿನಗಳಲ್ಲೇ ಪಕ್ಕದ ಮನೆಯವರ ಹೈಬ್ರೀಡ್ ಹುಂಜ ಗೋಡೆ ಹಾರಿ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಾಗಾಗಿ ಈ ಮರಿಗಳು ಯಾರವು? ಇವತ್ತು ಅವನ್ನು ಬಿಸಿಲಿಗೆ ಬಿಟ್ಟು ಪರೀಕ್ಷೆ ಮಾಡಬೇಕು, ನನಗೋ ಹಿತ್ತಲಿನ ಬಾಗಿಲು ತೆರೆಯುವ ಧೈರ್ಯವೇ ಬರುತ್ತಿಲ್ಲ.

ಧೈರ್ಯದ ಮಾತು ನನ್ನ ಬಾಯಲ್ಲಿ ಚೆಂದ ಕಾಣುವುದಿಲ್ಲ ಬಿಡಿ. ಹಗ್ಗ ಕಂಡರೆ ಹಾವು ಅನ್ನುವವಳು ಎಂದು ತವರಲ್ಲಿ ಬೈಯುತ್ತಿದ್ದರು. ಅದೂ ಪೂರ್ತಿ ನಿಜವಲ್ಲ, ನಾನು ಹಗ್ಗ ಇಟ್ಟ ಮೂಲೆಗೇ ಹೋಗುತ್ತಿರಲಿಲ್ಲ. ಕುಕ್ಕರಿನ ಸೀಟಿಗೆ ಅಂಜುತ್ತಿದ್ದೆ, ಹಿಂದೆ ಸರಿಯುವ ಬಸ್ಸಿಗೆ ಅಂಜುತ್ತಿದ್ದೆ, ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಡಿದುಕೊಂಡರೆ ಇವತ್ತಿಗೂ ಕೈ ತಣ್ಣಗಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಕೋಳಿಗೆ ಅಂಜುತ್ತಿದ್ದೆ. ಆ ಗುಂಡು ಕಣ್ಣು, ಆ ಕೊಕ್ಕು, ಯಾವಾಗ ಎಲ್ಲಿಗೆ ಹಾರುತ್ತದೋ ಹೇಳಲಾಗದ ಆ ರೆಕ್ಕೆ! ಅಂಥವಳನ್ನು ತಂದು ಸಗರದಲ್ಲಿ, ಕುರಿ ಕೋಳಿ ತುಂಬಿದ ಮನೆಗೆ ಕೊಟ್ಟರು. ಹೆದರೋರ ಮೇಲೆ ಕಪ್ಪೆ ಹಾಕಿದರು ಅನ್ನುವುದು ಇದಕ್ಕೇ.

ಬಂದ ಮೂರನೇ ದಿನವೇ ಹುಂಜವೊಂದು ಕಾಲಿಗೆ ಅಡ್ಡ ಬಂದು ತುಂಬಿದ ಕೊಡ ಎತ್ತಿಹಾಕಿದೆ. ಓಣಿಯ ಹೆಂಗಸರು ಬಿದ್ದು ಬಿದ್ದು ನಕ್ಕರು. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದ ಅತ್ತೆ ಮಾತ್ರ ನಗಲಿಲ್ಲ. "ಅಂಜಲಿ ಬಿಡ್ರೇ. ಅಂಜಾಕಿ ಇದ್ದರ ಮನಿ ಉಳೀತದ" ಎಂದಳು. ನನ್ನ ಮರ್ಯಾದೆ ಉಳಿಸಲು ಹೇಳಿದಳು ಅಂದುಕೊಂಡಿದ್ದೆ. ಅವಳು ಖರೇನೇ ಹೇಳಿದ್ದಳೆಂದು ಗೊತ್ತಾಗಲು ಒಂದು ಮಳೆಗಾಲ ಬೇಕಾಯಿತು.

ಅತ್ತೆಯ ಕೋಳಿಗಳು ನೋಡಲು ಏನೇನೂ ಇರಲಿಲ್ಲ. ಬೂದಿ ಬಣ್ಣ, ಒಣ ಕಾಲು, ಹಿಡಿದರೆ ಮೂಳೆ ಕೈಗೆ ಹತ್ತುತ್ತಿತ್ತು. ಆದರೆ ಸುಮ್ಮನೆ ಬೆಳೆಸಿದ ಕೋಳಿಗಳಲ್ಲ ಅವು. ತಂದೆ ಹುಂಜವನ್ನು ಮಗಳ ಜೊತೆ ಬಿಡುತ್ತಿರಲಿಲ್ಲ. ಹೊಸ ಹೇಂಟೆಗಳು ಮೊಟ್ಟೆಗೆ ಬರುವ ಮೊದಲೇ ಮನೆಯ ಹುಂಜ ಬೋನಾಳದ ತಂಗಿಯ ಮನೆಗೆ ಹೋಗುತ್ತಿತ್ತು, ಅಲ್ಲಿಯದು ಇಲ್ಲಿಗೆ ಬರುತ್ತಿತ್ತು. ಇನ್ನು ಮರಿಗಳ ಆಯ್ಕೆ. ತಾಯಿ ಮೊದಲ ಸಲ ಮರಿಗಳನ್ನು ಅಂಗಳಕ್ಕೆ ಇಳಿಸಿದ ದಿನ ಅತ್ತೆ ಕೈಯಲ್ಲಿ ಮೊರ ಹಿಡಿದು ನಿಲ್ಲುತ್ತಿದ್ದಳು. ಬಿಸಿಲಿಗೆ ಅಡ್ಡಲಾಗಿ ಮೊರವನ್ನು ಮೆಲ್ಲಗೆ ತೇಲಿಸುವಳು, ಥೇಟ್ ಹದ್ದು ತೇಲಿದ ಹಾಗೆ. ನೆರಳು ನೆಲದ ಮೇಲೆ ಹರಿಯುತ್ತಿದ್ದಂತೆ ತಾಯಿಯ ಕೆಳಗೆ ನುಗ್ಗಿದ ಮರಿಗಳು ಮನೆಯಲ್ಲಿ ಉಳಿಯುತ್ತಿದ್ದವು. ನಿಂತು ನೋಡಿದವು ದೊಡ್ಡವಾದ ಮೇಲೆ ಮಾರಾಟಕ್ಕೆ. "ಅಂಜಿದ್ದು ಬುಟ್ಟಿಗಿ, ಅಂಜದ್ದು ಸಂತಿಗಿ" ಎನ್ನುವುದು ಅವಳ ಕಾನೂನು.

"ಹಂಗಾರ ನಾನು ಬುಟ್ಟಿಗೇನ್ರಿ ಅತ್ತಿ?" ಎಂದು ಒಮ್ಮೆ ಕೇಳಿದೆ.

"ನೀ ಇನ್ನೂ ಪಾಸಾಗಿಲ್ಲ. ಅಂಜಿ ಅಡಗಬೇಕು, ಅಂಜಿ ಹುಚ್ಚಾಗಬಾರದು. ನೀ ಕೊಡಾ ಬೀಳಸ್ತಿ" ಎಂದಳು.

ಆ ವರ್ಷ ಅತ್ತೆ ಮಗಳ ಬಾಣಂತನಕ್ಕೆಂದು ಯಾದಗಿರಿಗೆ ಹೋದಳು. ಅವಳು ಅತ್ತ ಹೋಗುತ್ತಲೇ ಇತ್ತ ನನ್ನ ಮೈದುನ ಶಹಾಪುರದಿಂದ ಕೆಂಪನೆಯ ಹೈಬ್ರೀಡ್ ಕೋಳಿಗಳನ್ನು ತಂದ. ಕುರಿಯ ವಿಷಯದಲ್ಲಿ ಅವನು ಪಂಡಿತ. ಟಗರು ಕೊಳ್ಳಲು ಹೋದರೆ ಅದರ ಅಪ್ಪ ಯಾವುದು, ಅಜ್ಜ ಯಾವುದು, ತಾಯಿ ಎಷ್ಟು ಹಾಲು ಕೊಟ್ಟಿತು ಎಂದು ಕೇಳಿ ಕೇಳಿ ಮಾರುವವನ ಜೀವ ತಿನ್ನುತ್ತಿದ್ದ. ಅಂಥವನು ಕೋಳಿಯನ್ನು ಬರೀ ತೂಗಿ ನೋಡಿ ತಂದಿದ್ದ! ಹುಂಜ ಹೇಂಟೆ ಎಲ್ಲ ಸೇರಿ ಕೊಟ್ಟ ದುಡ್ಡಿಗೆ ಒಂದು ಕುರಿಮರಿ ಬರುತ್ತಿತ್ತು. "ಕೈಯಾಗ ಎತ್ತಿ ನೋಡ್ರಿ ವೈನಿ, ಹ್ಯಾಂಗ ಅದ ಮಾಲು!" ಎಂದು ನನ್ನ ಮುಂದೆ ಹಿಡಿದ. ನಾನು ಅಡುಗೆಮನೆಗೆ ಓಡಿದೆ. ಒಂದು ಮನೆಗೆ ಎರಡು ಹುಂಜ ಯಾಕೆಂದು ಅತ್ತೆಯ ಒಣಕಲು ಹುಂಜವನ್ನು ಅದೇ ವಾರ ಸಂತೆಯಲ್ಲಿ ಮಾರಿಬಂದ.

ಹೊಸ ಕೋಳಿಗಳು ಯಾರಿಗೂ ಅಂಜುತ್ತಿರಲಿಲ್ಲ. ನಾಯಿ ಬಂದರೆ ದಾರಿ ಬಿಡುತ್ತಿರಲಿಲ್ಲ, ಬೆಕ್ಕಿನ ಪಕ್ಕದಲ್ಲೇ ಕೆದರುತ್ತಿದ್ದವು. ಎಂಥ ಸಾಧು ಕೋಳಿ ಎಂದು ಎಲ್ಲರಿಗೂ ಪ್ರೀತಿ. ನನಗೆ ಮಾತ್ರ ಅವುಗಳನ್ನು ನೋಡಿದರೆ ಮೈ ಜುಂ ಅನ್ನುತ್ತಿತ್ತು. ಒಂದು ಮಧ್ಯಾಹ್ನ ಹದ್ದು ಎರಗಿ ಅವುಗಳಲ್ಲಿ ಒಂದು ಎಳೆಯದನ್ನು ಎತ್ತಿಕೊಂಡು ಹೋಯಿತು. ಪಕ್ಕದಲ್ಲಿದ್ದ ಉಳಿದವು ನುಚ್ಚು ತಿನ್ನುವುದನ್ನು ನಿಲ್ಲಿಸಲಿಲ್ಲ. ಪುಕ್ಕ ಇನ್ನೂ ಗಾಳಿಯಲ್ಲಿ ತೇಲುತ್ತಿತ್ತು, ಅವು ತಿನ್ನುತ್ತಿದ್ದವು. ನಾನು ಅಂದು ಹೆದರಿದಷ್ಟು ಹಾವು ಕಂಡೂ ಹೆದರಿಲ್ಲ.

ಅತ್ತೆ ವಾಪಸು ಬಂದಾಗ ಒಂದು ಬೂದು ಹೇಂಟೆ ಮರಿ ಎಬ್ಬಿಸಿತ್ತು. ಚೀಲ ಇಳಿಸಿದವಳೇ ಮೊರ ತಂದು ಹಿಡಿದಳು. ನೆರಳು ಮರಿಗಳ ಮೇಲೆ ಹರಿಯಿತು. ಒಂದೂ ಅಲುಗಲಿಲ್ಲ. ತಾಯಿ ಕರ್ ಎಂದು ಕರೆಯುತ್ತಲೇ ಇತ್ತು, ಮರಿಗಳು ಬಾಯಿ ತೆರೆದು ಮೊರ ನೋಡುತ್ತ ನಿಂತವು. ಅತ್ತೆ ಇನ್ನೊಮ್ಮೆ ತೇಲಿಸಿದಳು. ಆಮೇಲೆ ಮೊರವನ್ನು ಎದೆಗೆ ಅವುಚಿಕೊಂಡು ಅಲ್ಲೇ ಕುಸಿದು ಕೂತಳು.

"ಎಂಥಾದು ಬಿಟ್ಟಿಯೋ ಮನಿಯಾಗ?" ಎಂದು ಮಗನನ್ನು ಕೇಳಿದಳು.

"ಕೋಳಿಗೆ ಎಂಥಾ ಕುಲಾ ಯವ್ವಾ?" ಎಂದು ಅವನು ನಕ್ಕ.

"ಟಗರಿಗೆ ಇದ್ದದ್ದು ಕೋಳಿಗಿಲ್ಲೇನೋ?" ಎಂದಳು. ಅವನ ನಗು ನಿಂತಿತು. ಅವಳ ದನಿ ನಡುಗುತ್ತಿತ್ತು. ಅತ್ತೆ ಅಂಜಿದ್ದನ್ನು ನಾನು ನೋಡಿದ್ದು ಅದೇ ಮೊದಲು, ಅವಳೇ ಅಂಜಿದ ಮೇಲೆ ನನ್ನ ಗತಿ ಕೇಳಬೇಡಿ.

ಅದು ಅಷ್ಟಕ್ಕೇ ನಿಲ್ಲಲಿಲ್ಲ. ಶಹಾಪುರದಿಂದ ಬಂದ ಕೋಳಿಗಳ ಹಿಂದೆಯೇ ರೋಗವೂ ಬಂತು. ಕತ್ತು ತಿರುಚಿಕೊಂಡು ಒಂದೊಂದೇ ಬಿದ್ದವು. ಬೆಳಗಾದರೆ ಗೂಡಿನ ಬಾಗಿಲು ತೆರೆಯಲು ಮನೆಯಲ್ಲಿ ಎಲ್ಲರಿಗೂ ಭಯ. ಕೊನೆಗೆ ಉಳಿದದ್ದು, ಹೊಸಬರ ಜೊತೆ ಮಲಗಲು ಅಂಜಿ ಮೊದಲಿಂದಲೂ ಮಾಳಿಗೆಯ ಮೇಲೆ ಒಂಟಿಯಾಗಿ ಕೂರುತ್ತಿದ್ದ ಬೂದಿ ಎಂಬ ಹೇಂಟೆ ಮಾತ್ರ. ಅತ್ತೆ ಅದನ್ನು ಹದಿನೈದು ದಿನ ಬೇರೆಯಾಗಿಟ್ಟು, ರೋಗವಿಲ್ಲವೆಂದು ಖಾತ್ರಿಯಾದ ಮೇಲೆ, "ಬೋನಾಳಕ್ಕ ನಡಿ" ಎಂದಳು. ಅಲ್ಲಿ ತಂಗಿಯ ಮನೆಯಲ್ಲಿ ನಮ್ಮ ಕುಲದ ಒಂದು ಹುಂಜ ಇರಬೇಕಿತ್ತು. ಇರಬೇಕಿತ್ತು ಅಷ್ಟೇ. ಆ ಮನೆಯಲ್ಲಿ ಎರಡು ಮದುವೆ ಆಗಿದ್ದವು, ಬೀಗರು ಬಂದು ಹೋಗಿದ್ದರು. ಬೀಗರು ಬಂದ ಮನೆಯಲ್ಲಿ ಹುಂಜದ ಆಯುಷ್ಯ ಎಷ್ಟೆಂದು ನಿಮಗೂ ಗೊತ್ತು.

ಬಸ್‌ಸ್ಟ್ಯಾಂಡಿನಲ್ಲಿ ಅತ್ತೆ ಬೂದಿಯನ್ನು ನನ್ನ ಮಡಿಲಿಗೆ ಇಟ್ಟಳು. "ನೀ ಹಿಡಿ. ಚೀಲಾ ನಾ ಹಿಡಕೋತೀನಿ." ಜೀವನದಲ್ಲಿ ಕೋಳಿ ಮುಟ್ಟದವಳು ನಾನು! ಸೆರಗು ಹೊದಿಸಿಕೊಂಡು, ಉಸಿರು ಬಿಗಿಹಿಡಿದು ಕೂತೆ. ಅದರ ಎದೆ ನನ್ನ ಹೊಟ್ಟೆಗೆ ತಾಗಿ ಡವಡವ ಅನ್ನುತ್ತಿತ್ತು. ನನ್ನದೂ ಅನ್ನುತ್ತಿತ್ತು. ಯಾವುದು ಯಾರದೆಂದು ಸ್ವಲ್ಪ ಹೊತ್ತಿಗೆ ಗೊತ್ತಾಗದೇ ಹೋಯಿತು. ಕಂಡಕ್ಟರ್ ಬಂದು, "ಏನದು ಸೆರಗಿನಾಗ?" ಎಂದ.

"ಹಸಿ ಬಾಣಂತಿ ಅದಾಳಪ್ಪ, ಅತ್ತಾಗ ನೋಡು" ಎಂದಳು ಅತ್ತೆ.

ಪಾಪ, ಅವನು ಸುರಪುರ ಬರುವ ತನಕ ನಮ್ಮ ಕಡೆ ತಿರುಗಲಿಲ್ಲ. ಬೂದಿ ಕಮಕ್ ಕಿಮಕ್ ಅನ್ನಲಿಲ್ಲ. ಅಂಜಿ ಅಡಗಿತ್ತು. ನಾನೂ ಹಾಗೇ ಕೂತಿದ್ದೆ.

ಬೋನಾಳದ ಕೆರೆಯ ದಂಡೆಯಲ್ಲಿ ಹಕ್ಕಿಗಳು ಕೂಗಾಡುತ್ತಿದ್ದವು. ಅತ್ತೆ ಅತ್ತ ನೋಡಲೂ ಇಲ್ಲ. ತಂಗಿಯ ಅಂಗಳದಲ್ಲಿ ಕಾಲಿಟ್ಟವಳೇ, ನೀರು ಸಹ ಕುಡಿಯದೆ, "ಹುಂಜ ಅದ ಏನ?" ಎಂದಳು. ಸಣ್ಣತ್ತೆ ತಲೆ ತಗ್ಗಿಸಿದಳು. ಅತ್ತೆ ಗೋಡೆ ಹಿಡಿದುಕೊಂಡಳು.

"ಏನು ಹೇಳಲಿ ಅಕ್ಕ, ಮಾನ ಹೋಯ್ತು. ಬೀಗರು ಬಂದಾಗೆಲ್ಲಾ ಕೊಯ್ಯಬೇಕಂತ ಹಿಡಿಯಾಕ ಹೋದ್ವಿ. ಎಂಟು ಗಂಡಸರು ಸೇರಿದರೂ ಸಿಗಲಿಲ್ಲ. ಬೀಗರಿಗಿ ಅನ್ನಾ ಸಾರು ಹಾಕಿ ಕಳಿಸೀವಿ" ಎಂದು ಸಣ್ಣತ್ತೆ ಹುಣಸೆಮರದ ತುದಿಗೆ ಕೈ ತೋರಿಸಿದಳು. "ಅಂಜುಬುರುಕ ಮುಂಡೇದು. ಅಲ್ಲೇ ಅದ ನೋಡು."

ಎಲೆಗಳ ನಡುವೆ ಒಂದು ಬೂದುಬಣ್ಣದ ಕತ್ತು ಉದ್ದವಾಗಿ, ನಮ್ಮನ್ನು ನೋಡಿ, ಮತ್ತೆ ಮರೆಯಾಯಿತು. ಅತ್ತೆ ಅಲ್ಲೇ ಕೂತು ಅತ್ತಳು, ನಕ್ಕಳು, ಮತ್ತೆ ಅತ್ತಳು. ಹುಂಜವನ್ನಂತೂ ತರುವಂತಿರಲಿಲ್ಲ, ಬೂದಿಯನ್ನೇ ಅಲ್ಲಿ ಬಿಟ್ಟು ಬಂದೆವು. ಮುಂದೆ ಅದರ ಮೊಟ್ಟೆಗಳನ್ನು ಜೋಳದ ಹೊಟ್ಟಿನಲ್ಲಿಟ್ಟು ಸಗರಕ್ಕೆ ತಂದು, ಓಣಿಯವರ ಕೋಳಿಯ ಕಾವಿಗಿಟ್ಟು, ಮರಿಗಳು ಅಂಗಳಕ್ಕಿಳಿದ ದಿನ ಅತ್ತೆ ಮೊರ ತೇಲಿಸಿದಳು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಅಂಗಳ ಖಾಲಿ. "ಅಂಜ್ಯಾವ! ಎಲ್ಲಾ ಅಂಜ್ಯಾವ!" ಎಂದು ಅವಳು ಕೂಗಿದ್ದು ಇಡೀ ಓಣಿಗೆ ಕೇಳಿಸಿತು. ಮೈದುನ ಅವತ್ತಿನಿಂದ ಕೋಳಿ ಕೊಳ್ಳಲು ಹೋದರೂ ಅದರ ಅಪ್ಪನ ಹೆಸರು ಕೇಳುತ್ತಾನೆ.

ಅತ್ತೆ ಹೋಗಿ ಎಷ್ಟೋ ವರ್ಷವಾಯಿತು, ನಾವು ಸಗರ ಬಿಟ್ಟು ಸುರಪುರಕ್ಕೂ ಬಂದೆವು. ಹೋಗುವ ಮುಂಚೆ ಮೊರವನ್ನು ನನ್ನ ಕೈಗೇ ಕೊಟ್ಟಳು. ಪಾಸಾದೆನೋ ಇಲ್ಲವೋ ಹೇಳಲಿಲ್ಲ.

ಟಂಟಂ ಮುಂದಿನ ಓಣಿಗೆ ಹೋದ ಮೇಲೆ, ಇನ್ನು ತಡಮಾಡಿದರೆ ಬಿಸಿಲು ಏರುತ್ತದೆಂದು ಹಿತ್ತಲಿನ ಬಾಗಿಲು ತೆರೆದೆ. ಬುಟ್ಟಿ ಎತ್ತಿದೆ. ಹೇಂಟೆ ಮರಿಗಳನ್ನು ಕರೆದುಕೊಂಡು ಅಂಗಳದ ನಡುವಿಗೆ ಬಂತು. ಮೊರ ಹಿಡಿದ ನನ್ನ ಕೈ ಮೇಲೇಳಲಿಲ್ಲ. ಎತ್ತಿದರೆ ತಾನೇ ಗೊತ್ತಾಗುವುದು, ಎತ್ತದಿದ್ದರೆ ಇನ್ನೊಂದು ಗಳಿಗೆ ನೆಮ್ಮದಿ ಎಂದು ಹಾಗೇ ನಿಂತೆ.

ಅಷ್ಟರಲ್ಲಿ ನೆಲದ ಮೇಲೆ ನೆರಳು ಹರಿಯಿತು. ನನ್ನ ಮೊರದ್ದಲ್ಲ. ಗುಡ್ಡದ ಕಡೆಯಿಂದ ಹದ್ದು ಬಂದಿತ್ತು, ಗೋಡೆಯಷ್ಟು ಕೆಳಗೆ. ಹೇಂಟೆ ಕರ್ ಎಂದಿತು. ಮರಿಗಳು ಎಲ್ಲಿ ಹೋದವೋ! ಒಂದೇ ಒಂದು, ಕೆಂಪು ಕಾಲಿನದು, ಬಿಸಿಲಲ್ಲಿ ನಿಂತು ನುಚ್ಚು ಕುಕ್ಕುತ್ತಿತ್ತು. ನಾನು ಹೇಗೆ ಓಡಿದೆನೋ ಗೊತ್ತಿಲ್ಲ. ಬರಿಗೈಯಲ್ಲಿ ಅದನ್ನು ಎತ್ತಿ ಎದೆಗೊತ್ತಿಕೊಂಡು, ಹೇಂಟೆಯ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ನಮ್ಮೆಲ್ಲರ ಮೇಲೂ ಮೊರ ಅಡ್ಡ ಹಿಡಿದಿದ್ದೆ. ರೆಕ್ಕೆಯ ಗಾಳಿ ಕಿವಿಗೆ ಬಡಿದು ಹೋಯಿತು.

ಸದ್ದೆಲ್ಲ ಅಡಗಿದ ಮೇಲೆ ಹೇಂಟೆಯ ಎದೆಯ ಪುಕ್ಕದಿಂದ ಒಂದು ಪುಟ್ಟ ಕೊಕ್ಕು ಹೊರಬಂತು, ನನ್ನನ್ನು ನೋಡಿ ಹೆದರಿ ಮತ್ತೆ ಒಳಗೆ ಹೋಯಿತು. ಕೈಯಲ್ಲಿದ್ದ ಕೆಂಪು ಕಾಲಿನದು ಸಂತೆಗೆ, ಅದರಲ್ಲಿ ಅನುಮಾನವಿಲ್ಲ. ಉಳಿದವು ಬುಟ್ಟಿಗೆ.

"ಅಂಜ್ಯಾವ್ರಿ ಅತ್ತಿ" ಎಂದೆ, ಯಾರೂ ಇಲ್ಲದ ಹಿತ್ತಲಲ್ಲಿ, ಮೊರದ ಕೆಳಗೆ ಕೂತೇ. ನನ್ನ ಎದೆ ಇನ್ನೂ ಹೊಡೆದುಕೊಳ್ಳುತ್ತಿತ್ತು. ಹೊಡೆದುಕೊಳ್ಳಲಿ ಬಿಡಿ.