ಪಾಸ್ಕೋ ಸ್ನಾನಘಟ್ಟ

ಲೆಸ್ ಪಾಸ್ಕೋ ತನ್ನ ದುಡಿಮೆಯ ಕಾಲವನ್ನೆಲ್ಲ ನಮ್ಮ ಕಣಿವೆಯ ಮಣ್ಣುರಸ್ತೆಗಳಿಗೆ ಸುರಿದವನು. ರಸ್ತೆ ಮಟ್ಟ ಮಾಡುವ ಕೌನ್ಸಿಲ್ಲಿನ ಹಳದಿ ಗ್ರೇಡರ್ ಯಂತ್ರ ಹತ್ತಿ, ಹೊಂಡ ತುಂಬುತ್ತ, ದಿಣ್ಣೆ ಕೆರೆಯುತ್ತ, ಹಿಂದಕ್ಕೂ ಮುಂದಕ್ಕೂ ಓಡಾಡಿದ. ಮಳೆ ಬಂದು ಎಲ್ಲ ಕೆಡಿಸಿತು. ಮತ್ತೆ ಓಡಾಡಿದ. ಅವನು ಮಟ್ಟ ಮಾಡಿದ ದಾರಿಯಲ್ಲಿ ಹಾಲಿನ ಲಾರಿ ಹೋಯಿತು, ಶಾಲೆಯ ಬಸ್ಸು ಹೋಯಿತು, ಹೆರಿಗೆಗೆಂದು ಪೇಟೆಗೆ ಹೊರಟ ಹೆಂಗಸರು ಹೋದರು. ಆದರೆ ಜನ ಅವನನ್ನು ನೆನೆಯುವುದು ರಸ್ತೆಯ ಮೇಲೆ ಇದ್ದ ಅಷ್ಟು ವರ್ಷಗಳಿಗಲ್ಲ. ರಸ್ತೆ ಬಿಟ್ಟು ಹೊಳೆಗೆ ಹೋದ ಒಂದು ಮಧ್ಯಾಹ್ನಕ್ಕೆ.

ಲ್ಯಾಂಬರ್ಟ್ ಹೊಳೆಯ ಉದ್ದಕ್ಕೂ ಹೆಸರುಗಳು ಹುಟ್ಟುವುದೇ ಹೀಗೆ. ಟಾಮ್ಸೆಟ್ ಎಂಬ ಪುಣ್ಯಾತ್ಮ ಸೇತುವೆಗೆಂದು ತನ್ನ ಒಳ್ಳೆಯ ಹುಲ್ಲುಗಾವಲನ್ನು ಬಿಟ್ಟುಕೊಟ್ಟ. ಸೇತುವೆಗೆ ಅವನ ಹೆಸರಿಲ್ಲ. ಅವನ ತಮ್ಮ ಕುಡಿದ ಅಮಲಿನಲ್ಲಿ ಕುದುರೆಯ ಬದಲು ಹಸುವನ್ನು ಗಾಡಿಗೆ ಕಟ್ಟಿಕೊಂಡು ಹೊರಟ, ಅದು ಹಳ್ಳದ ನಡುವೆ ನಿಂತುಬಿಟ್ಟಿತು. ಆ ಜಾಗ ಇವತ್ತಿಗೂ ಟಾಮ್ಸೆಟ್ ಹಸುಗಾಡಿ. ಪಾದ್ರಿಯೊಬ್ಬರ ಕುದುರೆಗಾಡಿ ಮಗುಚಿದ ಇಳಿಜಾರು ಪಾದ್ರಿ ಪಲ್ಟಿ. ಎತ್ತಿನ ಬಂಡಿಯ ತುಂಬ ತಂದ ಸಕ್ಕರೆಯನ್ನು ತೇಲಿಸಿ ದಾಟಿಸುತ್ತೇನೆಂದು ಯಾರೋ ಜಾಣ ಕರಗಿಸಿಬಿಟ್ಟ ಕಡೆ ಸಕ್ಕರೆ ಹಳ್ಳ. ಉಪಕಾರ ಮಾಡಿದವರಿಗೆ ಊರ ಸಭಾಭವನದ ಗೋಡೆಯ ಮೇಲೆ ಹಿತ್ತಾಳೆಯ ತಗಡು ಇದೆ, ಅದರ ಮುಂದೆ ಕುರ್ಚಿಗಳನ್ನು ಪೇರಿಸಿದ್ದೇವೆ. ಎಡವಟ್ಟು ಮಾಡಿದವರಿಗೆ ಭೂಮಿಯೇ ಸಿಕ್ಕಿದೆ. ನಮ್ಮ ಮನೆತನದ ಹೆಸರಿನಲ್ಲೂ ಒಂದು ಕೆಸರುಗುಂಡಿ ಇದೆ, ಆ ಮಾತು ಇಲ್ಲಿ ಬೇಡ.

ಲೆಸ್‌ನ ಸರದಿ ಬಂದದ್ದು ಅವನಿಗೆ ಹೊಸದಾಗಿ ಮದುವೆಯಾದ ವರ್ಷ. ಮೇಲುಸೀಮೆಯಲ್ಲಿ ಮಳೆ ಹೆಚ್ಚಾಗಿ ಹೊಳೆ ಏರುತ್ತಿತ್ತು. ಪಂಪಿನ ಮನೆಗೆ ಹೋಗುವ ದಾರಿಯನ್ನು ನೀರು ಬರುವ ಮುಂಚೆ ಎತ್ತರಿಸಬೇಕೆಂದು ಹೊಳೆಯ ತಿರುವಿನ ಅಂಚಿನಲ್ಲಿ ಅವನು ಗ್ರೇಡರ್ ಓಡಿಸುತ್ತಿದ್ದ. ಸಾಕು ಬಾ ಎಂದು ಜೊತೆಗಾರ ಕ್ಲಾರಿ ಡೆಂಟ್ ಕೂಗಿದ. ಇನ್ನೊಂದೇ ಸುತ್ತು ಎಂದು ಲೆಸ್ ಒಂದು ಬೆರಳು ಎತ್ತಿ ತೋರಿಸಿದ. ಬೆರಳು ಇಳಿಯುವ ಮುಂಚೆ ದಡ ಕುಸಿಯಿತು. ಗ್ರೇಡರ್ ಯಾವ ಅವಸರವೂ ಇಲ್ಲದೆ, ಎಮ್ಮೆ ಕೆರೆಗೆ ಇಳಿಯುವ ಹಾಗೆ ಹೊಳೆಗಿಳಿಯಿತು. ಎದೆಮಟ್ಟ ನೀರಿನಲ್ಲಿ, ಟೋಪಿ ಕೂಡ ಓರೆಯಾಗದೆ ಕುಳಿತಿದ್ದ ಲೆಸ್‌ನನ್ನು ದೋಣಿಯಲ್ಲಿ ಕರೆತಂದರು. ದೋಣಿ ದಡ ಮುಟ್ಟುವ ಹೊತ್ತಿಗೆ ಆ ತಿರುವಿಗೆ ಪಾಸ್ಕೋ ಸ್ನಾನಘಟ್ಟ ಎಂದು ಹೆಸರು ಬಿದ್ದಾಗಿತ್ತು.

ಮೊದಮೊದಲು ಲೆಸ್ ತಾನೂ ನಕ್ಕ. ನಕ್ಕರೆ ಬೇಗ ಮರೆಯುತ್ತಾರೆ ಎಂದುಕೊಂಡಿದ್ದ. ಯಾರೂ ಮರೆಯಲಿಲ್ಲ. ಪಬ್ಬಿನಲ್ಲಿ ಬಿಯರ್ ತುಂಬಿ ಕೊಡುವವನು "ಸ್ನಾನ ಆಯ್ತಾ, ಲೆಸ್?" ಎನ್ನುತ್ತಿದ್ದ. ಆ ಪಬ್ಬಿನವನ ಮಗ ಅಪ್ಪನ ಜಾಗಕ್ಕೆ ಬಂದ ಮೇಲೆ ಅವನೂ ಅದನ್ನೇ ಕೇಳಿದ. ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆ ಊರವರು ಸೇರಿ ಕೊಟ್ಟ ಉಡುಗೊರೆ ಒಂದು ಟವೆಲು. ಈಗ ಎಪ್ಪತ್ತು ದಾಟಿ, ಎರಡೂ ಮಂಡಿ ಸೋತ ಮೇಲೆ, ಸಿಟ್ಟಿಗೂ ನಗುವಿಗೂ ತ್ರಾಣವಿಲ್ಲದೆ ಲೆಸ್ ಸುಮ್ಮನೆ ಕೈಯೆತ್ತುತ್ತಾನೆ. ಎತ್ತಿದ ಕೈಯಲ್ಲಿ ಒಂದೇ ಬೆರಳು ಕಾಣದಂತೆ ಎಚ್ಚರ ವಹಿಸುತ್ತಾನೆ.

ಆ ಮಾತನ್ನು ಒಮ್ಮೆಯೂ ಆಡದವಳು ಅವನ ಹೆಂಡತಿ ನೋಲಾ ಒಬ್ಬಳೇ. ಊರೂಟದ ಮೇಜಿನಲ್ಲಿ ಯಾರಾದರೂ ಸ್ನಾನದ ಕತೆ ತೆಗೆದರೆ ಅವಳು ಅವರ ಕೈಗೆ ಕೇಕಿನ ತಟ್ಟೆ ಕೊಡುತ್ತಿದ್ದಳು. ಬಾಯಿ ತುಂಬಿದರೆ ಕತೆ ನಿಲ್ಲುತ್ತಿತ್ತು. ಗ್ರೇಡರ್ ಮುಳುಗಿ ಕೂತಿದ್ದ ದಿನಗಳಲ್ಲಿ, ಗಂಡಸರು ಮರಳಿನ ಮೂಟೆ ಒಟ್ಟಿ, ಟ್ರ್ಯಾಕ್ಟರಿಗೆ ಸರಪಳಿ ಬಿಗಿದು ಎಳೆಯುತ್ತಿದ್ದಾಗ, ದಿನಾ ಏರಿಯ ಮೇಲಿನ ಕೆಸರಿನಲ್ಲಿ ಮೊಣಕಾಲುದ್ದ ಹೂತುಕೊಂಡು ಚಹಾ ಮತ್ತು ಮಟನ್ ಸ್ಯಾಂಡ್ವಿಚ್ ಹೊತ್ತು ತಂದವಳು ಅವಳು. ಆಮೇಲೂ ಭಾನುವಾರಗಳಲ್ಲಿ ಮಡಿಸುವ ಕುರ್ಚಿ ಹಿಡಿದು ಅಲ್ಲೇ ಗಾಳ ಹಾಕಿ ಕೂರುತ್ತಿದ್ದಳು. ಅವಳು ಅದನ್ನು ಕರೆಯುತ್ತಿದ್ದದ್ದು "ನಮ್ಮ ತಿರುವು" ಎಂದು. ಹಾಗೆ ಕರೆಯುವವರು ಲೋಕದಲ್ಲಿ ಇಬ್ಬರಿದ್ದರು. ಅವಳು ತೀರಿಕೊಂಡ ಮೇಲೆ ಒಬ್ಬನೇ ಉಳಿದ.

ಹೀಗಿರುವಾಗ ಕೌನ್ಸಿಲ್ಲಿನವರಿಗೆ ಪ್ರವಾಸಿಗರ ಚಿಂತೆ ಹತ್ತಿತು. ಹೊಳೆಯ ಪ್ರತಿ ತಿರುವಿನಲ್ಲೂ ಹೆಸರಿನ ಫಲಕ ನೆಡಬೇಕು, ಕೆಳಗೆ ಎರಡು ಸಾಲಿನಲ್ಲಿ ಹೆಸರು ಬಂದ ಬಗೆ ಬರೆಸಬೇಕು ಎಂದಾಯಿತು. ಊರ ಸಭಾಭವನದ ಸಮಿತಿಗೆ ಆ ಕೆಲಸ ಬಂತು. ಸಮಿತಿಯ ಕಾರ್ಯದರ್ಶಿ ಗ್ಲೆನಿಸ್ ಹಾರ್ವುಡ್, ಯಾವ ಕೆಲಸವನ್ನೂ ಅರ್ಧಕ್ಕೆ ಬಿಡದ, ಆ ಕಾರಣಕ್ಕೆ ಎಲ್ಲರೂ ಹೆದರುವ ಹೆಂಗಸು. ಅವಳೇ ಬಂದು ಲೆಸ್‌ಗೆ ಸುದ್ದಿ ಕೊಟ್ಟಳು.

"ನಿಂದೊಂದು ತೊಡಕಿದೆ, ಲೆಸ್. ಬದುಕಿರೋರ ಹೆಸರನ್ನ ಫಲಕಕ್ಕೆ ಹಾಕೋ ಹಾಗಿಲ್ಲ."

"ಹಾಗಾದ್ರೆ ನಂದು ಬಿಟ್ಬಿಡಿ."

"ಬಿಡೋದೇನಿಲ್ಲ. ಕಂಬ ಈಗ್ಲೇ ನೆಟ್ಟಿರ್ತೀವಿ. ಫಲಕ ಆಮೇಲೆ."

"ಆಮೇಲೆ ಅಂದ್ರೆ?"

ಗ್ಲೆನಿಸ್ ಮುಜುಗರದಿಂದ ಕೈಚೀಲದಲ್ಲಿ ಏನೋ ಹುಡುಕಿದಳು. "ಅವಸರ ಏನಿಲ್ಲಪ್ಪ," ಎಂದಳು.

ಆ ಸಂಜೆ ಅಡುಗೆಮನೆಯಲ್ಲಿ ಕೂತು ಲೆಸ್ ಯೋಚಿಸಿದ. ತಾನು ಬದುಕಿದ್ದಾನೆ, ಆದ್ದರಿಂದ ತನ್ನ ಹೆಸರು ಆಗದು. ನೋಲಾ ಬದುಕಿಲ್ಲ. ಅವಳ ಹೆಸರು ಆಗುತ್ತದೆ. ನೋಲಾ ತಿರುವು. ಒಮ್ಮೆ ಫಲಕ ನಿಂತುಬಿಟ್ಟರೆ ತಾನು ಸತ್ತ ಮೇಲೆ ಕಿತ್ತು ಬದಲಾಯಿಸುವ ಖರ್ಚಿಗೆ ಕೌನ್ಸಿಲ್ ಕೈಹಾಕುವುದಿಲ್ಲ. ಬಹಳ ದಿನಗಳ ಮೇಲೆ ಅವನಿಗೆ ಏನಾದರೂ ಬೇಕು ಅನ್ನಿಸಿತ್ತು. ಅದೇ ಒಂದು ಆಯಾಸವಾಗಿ ಕಂಡಿತು.

ಮರುದಿನ ಅವನು ಹೋಗಿ ಕೇಳಿದಾಗ ಗ್ಲೆನಿಸ್ ಹೇಳಿದಳು: "ನಾವು ಹೊಸ ಹೆಸರು ಇಡೋದಲ್ಲ, ಜನ ಕರೆಯೋದನ್ನ ಬರೆಸೋದು. ಜನ ನೋಲಾ ತಿರುವು ಅಂತ ಕರೆದ್ರೆ ಬರೆಸ್ತೀನಿ."

ಜನರಿಂದ ಕರೆಸುವುದೆಂದು ಲೆಸ್ ಹೊರಟ. ಅಂಗಡಿಯ ಮುಂದಿನ ಬೆಂಚಿನಲ್ಲಿ ಕೂತು, ಬಂದವರಿಗೆಲ್ಲ ಅದೇ ಹೆಸರು ಹೇಳಿದ.

"ನೋಲಾ ತಿರುವಿನ ಹತ್ರ ಗಾಳಕ್ಕೆ ಕಾಡ್ ಮೀನು ಕಚ್ತಾ ಇದೆಯಂತೆ."

"ಎಲ್ಲಿ ಅದು?"

"ಅದೇ, ಪಂಪಿನ ಮನೆಯಿಂದಾಚೆ."

"ಪಂಪಿನ ಮನೆಯಿಂದಾಚೆ ಎಲ್ಲಿ?"

ಲೆಸ್ ಉಸಿರುಬಿಟ್ಟು, "ಪಾಸ್ಕೋ ಸ್ನಾನಘಟ್ಟ," ಎನ್ನಬೇಕಾಗುತ್ತಿತ್ತು.

"ಓ, ಸ್ನಾನಘಟ್ಟ. ಹಾಗನ್ನು ಮತ್ತೆ."

ಬೇಸಿಗೆಯೆಲ್ಲ ಹೀಗೇ ನಡೆಯಿತು. ಹೊಸದಾಗಿ ಊರಿಗೆ ಬಂದ ಟೀಚರಮ್ಮನಿಗೆ, ಕುರಿಯ ಉಣ್ಣೆ ಕತ್ತರಿಸಲು ಬಂದ ಪರವೂರಿನವರಿಗೆ, ಕೊನೆಗೆ ದಾರಿ ತಪ್ಪಿದ ಇಬ್ಬರು ಜರ್ಮನ್ ಪ್ರವಾಸಿಗರಿಗೂ ಸ್ನಾನಘಟ್ಟದ ಹೆಸರು ಕಲಿಸಿದವನು ಲೆಸ್ಸೇ. ಆ ಹೆಸರಿಗೆ ಇಷ್ಟು ಒಳ್ಳೆಯ ಪ್ರಚಾರ ಹಿಂದೆಂದೂ ಸಿಕ್ಕಿರಲಿಲ್ಲ.

ಸಮಿತಿಯ ಸಭೆ ಒಂದು ಶನಿವಾರ ಮಧ್ಯಾಹ್ನ ಸೇರಿತು. ಹೊರಗೆ ರೆಡ್ ಗಮ್ ಮರಗಳಲ್ಲಿ ಕಾಕಟೂ ಹಕ್ಕಿಗಳು ಕಿರುಚುತ್ತಿದ್ದವು. ಒಳಗೆ ಸಮಿತಿಯವರು ತೆಂಗಿನ ತುರಿ ಮೆತ್ತಿದ ಲ್ಯಾಮಿಂಗ್ಟನ್ ಕೇಕು ತಿನ್ನುತ್ತಿದ್ದರು. ಲೆಸ್ ಗೋಡೆಗೊರಗಿ ಕೂತಿದ್ದ, ಪಕ್ಕದಲ್ಲಿ ಕ್ಲಾರಿ ಡೆಂಟ್. ಅವತ್ತಿನ ರಸ್ತೆ ಗ್ಯಾಂಗಿನಲ್ಲಿ ಈಗ ಉಳಿದಿರುವವರು ಇವರಿಬ್ಬರೇ.

ತಿರುವಿನ ಮಾತು ಬಂದಾಗ ಮೊದಲು ಬಾಯಿಬಿಟ್ಟವಳು ಡಾಟ್ ಆಂಟಿ. ನಾವ್ಯಾರೂ ಇಲ್ಲಿಗೆ ಬರುವ ಎಷ್ಟೋ ಮುಂಚಿನಿಂದ ಈ ದಡದಲ್ಲಿದ್ದ ಮೂಲನಿವಾಸಿಗಳ ಮನೆತನದ ಹಿರಿಯಳು.

"ಆ ತಿರುವಿಗೆ ನಮ್ಮಜ್ಜಿ ಕಾಲದಿಂದ ಒಂದು ಹೆಸರಿದೆ," ಎಂದಳು.

ಗ್ಲೆನಿಸ್ ಪೆನ್ನು ಎತ್ತಿದಳು. "ಹೇಳಿ ಆಂಟಿ, ಬರ್ಕೋತೀನಿ."

"ಹೇಳಲ್ಲಮ್ಮ. ಇರೋ ಒಂದು ಹೆಸರನ್ನೂ ನಿಮ್ಮ ಕೈಗೆ ಕೊಟ್ರೆ ಅದನ್ನೂ ಗ್ರೇಡರ್ ಸಮೇತ ಹೊಳೆಗಿಳಿಸ್ತೀರ." ಆಮೇಲೆ ಲೆಸ್ ಕಡೆ ತಿರುಗಿ, "ಬೇಜಾರು ಮಾಡ್ಕೋಬೇಡ ಮಗಾ," ಎಂದಳು.

"ಇಲ್ಲ ಆಂಟಿ," ಎಂದ ಲೆಸ್. ಬೇಜಾರು ಮಾಡಿಕೊಳ್ಳಲೂ ಒಂದಿಷ್ಟು ಕಸುವು ಬೇಕು.

ಗ್ಲೆನಿಸ್ ಕನ್ನಡಕ ತೆಗೆದಳು. ಅವಳಿಗೆ ನೋಲಾ ಮೇಲೆ ನಿಜವಾದ ಪ್ರೀತಿಯಿತ್ತು. "ನೋಡು ಲೆಸ್, ನಂಗೂ ಮಾಡಿಕೊಡಬೇಕು ಅಂತಿದೆ. ಆದ್ರೆ ಚಹಾ ತಂದ್ಕೊಟ್ಲು ಅಂತ ಬರೆದ್ರೆ ಈ ಕಣಿವೇಲಿ ಯಾರ ಬಾಯಲ್ಲೂ ಆ ಹೆಸರು ನಿಲ್ಲಲ್ಲ. ನಮ್ಮ ಜನ ನಿಂಗೊತ್ತಲ್ಲ. ಅವಳು ಅಲ್ಲಿ ಏನಾದ್ರೂ ಎಡವಟ್ಟು ಮಾಡಿದ್ಲಾ? ನೀರಿಗೆ ಬಿದ್ದಿದ್ದು, ಏನೋ ಕಳ್ಕೊಂಡಿದ್ದು? ಸಣ್ಣದಾದ್ರೂ ಸಾಕು. ಅಂಥದೊಂದು ಕೊಡು, ನಾಳೆಯಿಂದ್ಲೇ ಎಲ್ಲರೂ ನೋಲಾ ತಿರುವು ಅಂತಾರೆ."

ಸಭೆಯಲ್ಲಿ ಎಲ್ಲರೂ ಲೆಸ್ ಮುಖ ನೋಡಿದರು. ಕ್ಲಾರಿ ಮಾತ್ರ ತನ್ನ ಬೂಟು ನೋಡಿಕೊಂಡ.

ಅಂಥದೊಂದು ಇತ್ತು. ಪ್ರವಾಹದ ಆ ದಿನಗಳಲ್ಲಿ ಅಡುಗೆಮನೆಗೆ ನೀರು ನುಗ್ಗೀತೆಂದು ನೋಲಾ ಡಬ್ಬಗಳನ್ನೆಲ್ಲ ಕಪಾಟಿನ ಮೇಲಕ್ಕೆ ಏರಿಸಿದ್ದಳು. ಒಂದು ಮಧ್ಯಾಹ್ನ ದೊಡ್ಡ ತಗಡಿನ ಪಾತ್ರೆಯ ತುಂಬ ಕಪ್ಪು ಚಹಾ ಹೊತ್ತು, ಎರಡು ಸಲ ಜಾರಿ ಬಿದ್ದು, ಪಾತ್ರೆಯನ್ನು ಮಾತ್ರ ಚೆಲ್ಲದೆ ಬಂದಳು. ಬಗ್ಗಿಸಿ ಕೊಟ್ಟಳು. ಕ್ಲಾರಿ ಮೊದಲ ಗುಟುಕು ಬಾಯಲ್ಲಿಟ್ಟುಕೊಂಡೇ ಲೆಸ್‌ನನ್ನು ನೋಡಿದ. ಸಕ್ಕರೆಯ ಬದಲು ಉಪ್ಪು. ಅದೂ ಧಾರಾಳ ಕೈಯಿಂದ. ಅವಳ ಮೂಗಿನ ಮೇಲೆ ಕೆಸರಿತ್ತು, ಒದ್ದೆ ಲಂಗದಲ್ಲಿ ನಡುಗುತ್ತಿದ್ದಳು, "ಬಿಸಿ ಇದೆಯಾ?" ಎಂದು ಕೇಳುತ್ತಿದ್ದಳು. ಇದೆ, ಚೆನ್ನಾಗಿದೆ ಎಂದು ಗ್ಯಾಂಗಿನವರೆಲ್ಲ ಕುಡಿದರು. ಪಾತ್ರೆ ಖಾಲಿಯಾಗುವ ತನಕ ಕುಡಿದರು. ಅವಳು ಅತ್ತ ಹೋದ ಮೇಲೆ ಸಾಲಾಗಿ ಹೊಳೆಗೆ ಬಗ್ಗಿ, ಕೆಸರುನೀರಿನಲ್ಲೇ ಬಾಯಿ ಮುಕ್ಕಳಿಸಿದರು. ಎಮ್ಮೆಯ ಚರ್ಮದ ಆ ಗಂಡಸರು, ಗೆಳೆಯನ ಚಡ್ಡಿ ಹರಿದರೂ ಅಲ್ಲೊಂದು ಹೆಸರು ಹುಟ್ಟಿಸುವವರು, ಈ ಒಂದು ಮಾತನ್ನು ಎಂದೂ ಎಲ್ಲೂ ಎತ್ತಲಿಲ್ಲ. ನೋಲಾ ಸಾಯುವ ತನಕ ಅವಳಿಗೆ ತಿಳಿಯಲಿಲ್ಲ.

ಈಗ ಹೇಳಿದರೆ ಸಭೆಯೆಲ್ಲ ಸೂರು ಹಾರಿಹೋಗುವಂತೆ ನಗುತ್ತದೆ. ಫಲಕ ನಿಲ್ಲುತ್ತದೆ. ನೋಲಾಳ ಹೆಸರು ನೂರು ವರ್ಷ ಬಾಳುತ್ತದೆ. ಪ್ರವಾಸಿಗರು ಅದರ ಮುಂದೆ ಚಹಾ ಲೋಟ ಹಿಡಿದು ಮುಖ ಹುಳ್ಳಗೆ ಮಾಡಿ ಫೋಟೋ ತೆಗೆಸಿಕೊಳ್ಳುತ್ತಾರೆ.

"ಏನಿಲ್ಲ, ಗ್ಲೆನಿಸ್," ಎಂದ ಲೆಸ್. "ಎಡವಟ್ಟು ಮಾಡೋ ಪೈಕಿ ಅಲ್ಲ ಅವಳು."

"ಕ್ಲಾರಿ, ನಿಂಗೇನಾದ್ರೂ ನೆನಪಿದೆಯಾ?"

ಕ್ಲಾರಿ ಬೂಟಿನಿಂದ ಕಣ್ಣೆತ್ತದೆ ಹೇಳಿದ: "ಚಹಾ ಚೆನ್ನಾಗಿ ಮಾಡ್ತಿದ್ಲು."

ಗ್ಲೆನಿಸ್ ಕನ್ನಡಕ ಹಾಕಿಕೊಂಡು, ಪಟ್ಟಿಯಲ್ಲಿ ಮುಂದಿನ ತಿರುವಿಗೆ ಹೋದಳು.

ಕಂಬ ನೆಡುವ ಕೆಲಸ ನಿವೃತ್ತ ರಸ್ತೆ ಗ್ಯಾಂಗಿನ ಪಾಲಿಗೇ ಬಂತು. ಗ್ಯಾಂಗು ಎಂದರೆ ಎರಡು ಮುದುಕರು, ಒಂದು ಗುದ್ದಲಿ, ಒಂದು ಹಾರೆ. ಪಾದ್ರಿ ಪಲ್ಟಿ, ಸಕ್ಕರೆ ಹಳ್ಳ ಮುಗಿಸಿ, ಕೊನೆಗೆ ಲೆಸ್‌ನ ತಿರುವಿಗೆ ಬಂದರು. ಮರಳುಮಿಶ್ರಿತ ಮಣ್ಣು, ಅಗೆದಷ್ಟೂ ಕುಸಿಯುತ್ತಿತ್ತು. ಕ್ಲಾರಿ ಬೋಳು ಕಂಬ ಹಿಡಿದು ನಿಂತ, ಲೆಸ್ ಅದರ ಸುತ್ತ ಮಣ್ಣು ತುಂಬಿ ಹಾರೆಯ ಬುಡದಿಂದ ಗುದ್ದಿದ.

"ನಿನ್ನ ಕಂಬ ನೀನೇ ನೆಡ್ತಿದೀಯಲ್ಲೋ," ಎಂದ ಕ್ಲಾರಿ.

"ಬೇರೆಯೋರು ನೆಟ್ರೆ ಬೀಳುತ್ತೆ."

"ಸ್ವಲ್ಪ ಹೊಳೆ ಕಡೆ ವಾಲಿದೆ."

"ಗ್ರೇಡರ್ರೂ ಹಾಗೇ ಶುರು ಮಾಡಿದ್ದು."

ಕ್ಲಾರಿ ನಕ್ಕು, ನಗು ಕೆಮ್ಮಾಗಿ, ಕೆಮ್ಮು ನಿಂತ ಮೇಲೆ ಕೇಳಿದ: "ಹೇಳಿದ್ರೆ ಆಗಿರೋದಲ್ಲೋ, ಲೆಸ್. ಅವಳಿಗೇನು ಇನ್ನು ಗೊತ್ತಾಗುತ್ತೆ?"

ಲೆಸ್ ಹಾರೆ ಊರಿ ಅದರ ಮೇಲೆ ಭಾರ ಬಿಟ್ಟ. "ನಂಗೆ ರೂಢಿ ಆಗಿದೆ ಕಣೋ. ಅವಳಿಗೆ ಯಾಕೆ ಅದೆಲ್ಲ."

ಫ್ಲಾಸ್ಕಿನಿಂದ ಚಹಾ ಬಗ್ಗಿಸಿದ. ಮೊದಲು ತಾನೊಂದು ಗುಟುಕು ಕುಡಿದು ನೋಡಿ, ಆಮೇಲೆ ಕ್ಲಾರಿಗೆ ಕೊಟ್ಟ. ಆ ಪ್ರವಾಹದ ವರ್ಷದಿಂದ ಇಬ್ಬರಿಗೂ ಅದು ಅಭ್ಯಾಸ. ಅಷ್ಟರಲ್ಲಿ ಕ್ಲಾರಿಯ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಅವನ ಹೆಂಡತಿ. ಎಲ್ಲಿದ್ದೀರಿ, ಊಟ ಆರುತ್ತಿದೆ ಎಂಬ ದನಿ ಹೊರಗೂ ಕೇಳುತ್ತಿತ್ತು.

"ಇಲ್ಲೇ ಕಣೇ," ಎಂದ ಕ್ಲಾರಿ. "ಪಾಸ್ಕೋ ಸ್ನಾನಘಟ್ಟದಲ್ಲಿ."

ಹೇಳಿದ ಮೇಲೆ ಅವನಿಗೆ ಹೊಳೆದು, ಫೋನು ಕಿವಿಯಲ್ಲೇ ಇಟ್ಟುಕೊಂಡು ಗೆಳೆಯನ ಕಡೆ ನೋಡಿದ.

"ಬಿಡೋ," ಎಂದ ಲೆಸ್. "ಇನ್ನೇನಂದ್ರೂ ಅವಳಿಗೆ ಎಲ್ಲಿ ಅಂತ ತಿಳಿಯಲ್ಲ."

ಹಾರೆ ಎತ್ತಿ ಗಾಡಿಗೆ ಹಾಕಿ, ಹೊರಡುವ ಮುಂಚೆ ಹಿಂದಿರುಗಿ ಬಂದು, ವಾಲಿದ ಕಂಬದ ಬುಡವನ್ನು ಬೂಟಿನಿಂದ ಇನ್ನೊಂದೇ ಸುತ್ತು ತುಳಿದ.